ಯಾರನ್ನು ನೋಡಿ ನಗ್ತಿದ್ದೀಯ?

ಪತ್ರಿಕೆಗೆ ವಾರಕ್ಕೊಂದು ವಿಡಂಬನೆ ಅಂಕಣ ಬರೆಯುವುದು ನನ್ನ ಕೆಲಸ. ಶುರು ಮಾಡಿ ಹದಿನೈದು ವರ್ಷ ದಾಟಿತು. ಇಂಥದ್ದು ಬರೆಯುವವರು ಭಾರಿ ತಮಾಷೆಯ ಜನ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಎಲ್ಲಿಗೆ ಹೋದರೂ ಯಾರಾದರೊಬ್ಬರು ಪಕ್ಕಕ್ಕೆ ಬಂದು "ಏನಾದ್ರೂ ಜೋಕ್ ಹೇಳಿ ಸರ್" ಅನ್ನುತ್ತಾರೆ. ನನಗೆ ಜೋಕ್ ಹೇಳೋಕೆ ಬರಲ್ಲ. ಹೇಳಲು ಹೋದರೆ ಕೊನೆಯ ಸಾಲೇ ಮರೆತುಹೋಗುತ್ತದೆ. ನನ್ನ ಕೆಲಸದ ಮುಕ್ಕಾಲು ಪಾಲು ಆದೇಶ, ಸುತ್ತೋಲೆ, ಸಭೆಯ ನಡಾವಳಿ ಓದುವುದರಲ್ಲೇ ಕಳೆಯುತ್ತದೆ. ಉಳಿದ ಕಾಲು ಪಾಲು, ಬರೆದದ್ದನ್ನು ಹೊಡೆದು ಹಾಕುವುದು.

ಮೊದಲು ಹೀಗಿರಲಿಲ್ಲ. ಶುರುವಿನಲ್ಲಿ ನಾನು ಏನನ್ನೂ ಓದುತ್ತಿರಲಿಲ್ಲ. ಸುಮ್ನೆ ಬರೆಯುತ್ತಿದ್ದೆ. ಒಂದು ಕಚೇರಿಯ ಮುಂದೆ ಅರ್ಜಿ ಫಾರಂಗಾಗಿ ಜನ ರಾತ್ರಿಯಿಡೀ ಸಾಲು ನಿಂತಿದ್ದರು. ಆ ಫೋಟೊ ನಮ್ಮ ಪತ್ರಿಕೆಯಲ್ಲಿ ಬಂದಿತ್ತು. ನನಗೆ ಅದೇ ವಸ್ತುವಾಯಿತು. ಸಾಲಿನಲ್ಲೇ ಇಬ್ಬರಿಗೆ ಮದುವೆ ಗೊತ್ತಾಯಿತು ಎಂದೆ. ಒಬ್ಬ ತನ್ನ ಜಾಗವನ್ನು ಮಗನ ಹೆಸರಿಗೆ ಉಯಿಲು ಬರೆದಿಟ್ಟ ಎಂದೆ. ಇನ್ನೊಬ್ಬನಿಗೆ ಇದು ಯಾವುದರ ಸಾಲು ಅಂತಲೇ ಗೊತ್ತಿಲ್ಲ, ಎಲ್ಲರೂ ನಿಂತಿದ್ದಾರೆ ಅಂತ ತಾನೂ ನಿಂತಿದ್ದಾನೆ ಎಂದೆ. ಡೆಸ್ಕಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಪಾದಕರು ರಜೆಯಲ್ಲಿದ್ದರು. ಲೇಖನ ಹಾಗೇ ಅಚ್ಚಾಯಿತು.

ನಾಲ್ಕು ದಿನದ ಮೇಲೆ ಒಂದು ಪೋಸ್ಟ್‌ಕಾರ್ಡ್ ಬಂತು. ಗುಂಡಾದ ಅಕ್ಷರ. "ನಿಮ್ಮ ಲೇಖನ ಓದಿದೆ. ಚೆನ್ನಾಗಿತ್ತು. ನಾನು ಆ ಸಾಲಿನಲ್ಲಿ ನಲವತ್ತೊಂದನೆಯವಳು. ಫಾರಂ ಸಿಗಲಿಲ್ಲ." ಅಷ್ಟೇ. ಬೈಗುಳ ಇರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು.

ರಜೆ ಮುಗಿಸಿ ಬಂದ ಸಂಪಾದಕರು ಪುಟವನ್ನು ಮೇಜಿನ ಮೇಲೆ ಹರಡಿದರು. "ಏನಯ್ಯಾ, ಇದರಲ್ಲಿ ಯಾರನ್ನು ನೋಡಿ ನಗ್ತಿದ್ದೀಯ?" ಎಂದರು. "ವ್ಯವಸ್ಥೆಯನ್ನ ಸರ್" ಎಂದೆ. ಕೆಂಪು ಪೆನ್ನು ಕೊಟ್ಟು, ವ್ಯವಸ್ಥೆ ಬಂದಿರೋ ಸಾಲಿಗೆಲ್ಲ ಗೆರೆ ಎಳಿ ಎಂದರು. ಮೇಲಿಂದ ಕೆಳಗೆ ಎರಡು ಸಲ ಓದಿದೆ. ಗೆರೆ ಎಳೆಯೋಕೆ ಒಂದು ಸಾಲೂ ಸಿಗಲಿಲ್ಲ. ಕೌಂಟರಿನ ಒಳಗೆ ಕೂತವರು ಆ ಲೇಖನದಲ್ಲಿ ಇರಲೇ ಇಲ್ಲ. ಎಷ್ಟು ಫಾರಂ ಅಚ್ಚು ಹಾಕಿಸಬೇಕೆಂದು ತೀರ್ಮಾನ ಮಾಡಿದವರೂ ಇರಲಿಲ್ಲ. ಇದ್ದವರೆಲ್ಲ ನಿಂತವರೇ. "ಎಷ್ಟು ಫಾರಂ ತರಿಸಿದ್ದರು ಅಂತ ಕೇಳಿದ್ಯಾ?" ಅಂದರು. ಕೇಳಿರಲಿಲ್ಲ. ನನ್ನಿಂದ ಎರಡು ಮೇಜು ಆಚೆ ಕೂತಿದ್ದ ವರದಿಗಾರನಿಗೆ ಗೊತ್ತಿತ್ತು: ಬಂದ ಜನಕ್ಕೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲವಂತೆ.

ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಅಂತಾರಲ್ಲ, ನಾನು ಮಾಡಿದ್ದು ಅದೇ. ಕಚೇರಿ ಒಂದು ಗುದ್ದು ಕೊಟ್ಟಿತ್ತು. ನಾನು ನಗುನಗುತ್ತಾ ಇನ್ನೊಂದು ಕೊಟ್ಟೆ.

ಈ ತಪ್ಪು ಬಹಳ ಹಳೆಯದು. ಕ್ರಿಸ್ತಪೂರ್ವ 423ರಲ್ಲಿ ಅಥೆನ್ಸಿನ ರಂಗದ ಮೇಲೆ ನಾಟಕಕಾರ ಅರಿಸ್ಟೊಫನೀಸ್ ತತ್ವಜ್ಞಾನಿ ಸಾಕ್ರೆಟೀಸನನ್ನು ಬುಟ್ಟಿಯಲ್ಲಿ ಕೂರಿಸಿ ಆಕಾಶಕ್ಕೆ ತೂಗುಹಾಕಿ ನಗಿಸಿದ. ಸುಳ್ಳು ವಾದವನ್ನು ನಿಜವೆಂದು ಗೆಲ್ಲಿಸುವುದನ್ನು ಕಲಿಸುವ ಮೇಷ್ಟ್ರು ಎಂದು ತೋರಿಸಿದ. ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ, ಕ್ರಿಸ್ತಪೂರ್ವ 399ರಲ್ಲಿ, ಸಾಕ್ರೆಟೀಸ್ ವಿಚಾರಣೆಗೆ ನಿಂತ. ಶಿಷ್ಯ ಪ್ಲೇಟೊ ಬರೆದಿಟ್ಟ ಪ್ರಕಾರ ಆಗ ಅವನು ಆ ನಾಟಕದ ಮಾತು ಎತ್ತುತ್ತಾನೆ. ಜನ ತನ್ನ ಬಗ್ಗೆ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಕೆಟ್ಟ ಮಾತಿಗೆ ಅದೂ ಒಂದು ಕಾರಣ ಎನ್ನುತ್ತಾನೆ. ನಾಟಕ ನೋಡಿ ಯಾರೂ ಅವನಿಗೆ ವಿಷ ಕುಡಿಸಲಿಲ್ಲ, ನಿಜ. ಆದರೆ ನಕ್ಕದ್ದು ಮರೆತುಹೋಗಿ, ನಗುವಿನ ಒಳಗಿದ್ದ ಆರೋಪ ಮಾತ್ರ ತಲೆಯಲ್ಲಿ ಉಳಿದುಬಿಡುತ್ತದೆ. ಇದನ್ನು ಓದಿದ ಮೇಲೆ "ಸುಮ್ನೆ ತಮಾಷೆಗೆ ಬರೆದದ್ದು" ಅನ್ನುವ ಸಬೂಬು ನನ್ನ ಬಾಯಲ್ಲಿ ಮತ್ತೆ ಬಂದಿಲ್ಲ.

ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮಾತುಗಳಿವೆ, ಅದು ನಮ್ಮ ಪುಣ್ಯ. ಗೇಲಿ ಬೇರೆ, ಅಣಕ ಬೇರೆ, ಕುಹಕ ಬೇರೆ, ಲೇವಡಿ ಬೇರೆ. ಒಬ್ಬನ ಮೂಗು ಉದ್ದವಿದೆ ಅಂತ ನಗುವುದು ಗೇಲಿ. ಅವನ ಹಾಗೇ ಮಾತಾಡಿ ತೋರಿಸಿದರೆ ಅಣಕ. ಅವನು ತನ್ನ ಕುರ್ಚಿಯಲ್ಲಿ ಕೂತು ಏನು ಮಾಡುತ್ತಿದ್ದಾನೆ ಅನ್ನುವುದನ್ನು ಅವನದೇ ತರ್ಕದಲ್ಲಿ ಬಿಚ್ಚಿಟ್ಟರೆ ವಿಡಂಬನೆ. ನಾನು ಮೊದಲ ಎರಡು ವರ್ಷ ಬರೆದದ್ದೆಲ್ಲ ಗೇಲಿ. ಓದುಗರು ಜಾಸ್ತಿ ಸಿಕ್ಕಿದ್ದೂ ಆಗಲೇ, ಅದನ್ನೂ ಹೇಳಿಬಿಡುತ್ತೇನೆ.

ನನ್ನ ಕೈ ತಿದ್ದಿದ್ದು ಮುನ್ನೂರು ವರ್ಷದ ಹಿಂದಿನ ಒಬ್ಬ ಪಾದ್ರಿ. ಜೊನಾಥನ್ ಸ್ವಿಫ್ಟ್ 1729ರಲ್ಲಿ ಐರ್ಲೆಂಡಿನ ಬಡತನಕ್ಕೆ ಒಂದು ಪರಿಹಾರ ಸೂಚಿಸಿ ಕಿರುಹೊತ್ತಗೆ ಬರೆದ. ಬಡವರ ಮಕ್ಕಳು ಒಂದು ವರ್ಷದವರಾದ ಕೂಡಲೇ ಶ್ರೀಮಂತರ ಊಟದ ಮೇಜಿಗೆ ಮಾರಿಬಿಡಿ ಎಂಬುದು ಸಲಹೆ. ಅದರಲ್ಲಿ ಎಲ್ಲಿಯೂ ಅವನು ಕಣ್ಣು ಮಿಟುಕಿಸುವುದಿಲ್ಲ. ಲೆಕ್ಕ ಕೊಡುತ್ತಾನೆ. ವರ್ಷಕ್ಕೆ 1,20,000 ಮಕ್ಕಳು. ತಳಿ ಉಳಿಸಲು 20,000. ಮಾರಾಟಕ್ಕೆ 1,00,000. ಕೊನೆಯಲ್ಲಿ, ಇದರಲ್ಲಿ ನನಗೆ ಯಾವ ಸ್ವಾರ್ಥವೂ ಇಲ್ಲ, ನನ್ನ ಕಿರಿಯ ಮಗುವಿಗೆ ಒಂಬತ್ತು ವರ್ಷ, ಹೆಂಡತಿಗೆ ಮಕ್ಕಳಾಗುವ ವಯಸ್ಸು ಮುಗಿದಿದೆ ಎಂದು ವಿನಯದಿಂದ ಹೇಳಿಕೊಳ್ಳುತ್ತಾನೆ. ಓದುವಾಗ ಬೆನ್ನಲ್ಲಿ ಚಳಿ ಹುಟ್ಟುತ್ತದೆ.

ನಾನು ಅದನ್ನು ಹತ್ತಾರು ಸಲ ಓದಿದ್ದೇನೆ. ಮೊದಲೆಲ್ಲ ಮಕ್ಕಳನ್ನು ತಿನ್ನುವ ಮಾತೇ ಕಾಣುತ್ತಿತ್ತು. ಆಮೇಲೆ ಬೇರೊಂದು ಜಾಗ ಕಂಡಿತು. ಕೊನೆಗೆ ಬರುವಾಗ ಆ ಬರಹದ 'ನಾನು', ಬೇರೆ ಪರಿಹಾರಗಳ ಮಾತು ನನ್ನ ಹತ್ತಿರ ಎತ್ತಬೇಡಿ ಎನ್ನುತ್ತಾನೆ. ಎತ್ತಬಾರದ ಮಾತುಗಳ ಪಟ್ಟಿಯನ್ನೂ ಕೊಡುತ್ತಾನೆ. ದೂರದಲ್ಲಿ ಕೂತು ಗೇಣಿ ತಿನ್ನುವ ಜಮೀನುದಾರರಿಗೆ ತೆರಿಗೆ ಹಾಕುವುದು, ನಮ್ಮಲ್ಲೇ ತಯಾರಾದ ಬಟ್ಟೆ ಕೊಳ್ಳುವುದು, ಗೇಣಿದಾರರ ಮೇಲೆ ಸ್ವಲ್ಪ ಕರುಣೆ ತೋರುವುದು. ಸ್ವಿಫ್ಟ್ ನಿಜಕ್ಕೂ ಬಯಸಿದ್ದು ಇದನ್ನೇ. ಇದನ್ನೆಲ್ಲ ಅವನು ಹಿಂದೆ ನೇರವಾಗಿ ಬರೆದು ಸೋತಿದ್ದ. ಅಷ್ಟು ವಿಷಯ ಗೊತ್ತಿದ್ದವನು ಮಾತ್ರ ಆ ಬರಹ ಬರೆಯಬಹುದು, ಅಲ್ವಾ? ಐರ್ಲೆಂಡಿನ ಗೇಣಿ ಪದ್ಧತಿ ಗೊತ್ತಿಲ್ಲದ ಒಬ್ಬ ವಿನೋದಪ್ರಿಯ ಅದನ್ನು ಬರೆದಿದ್ದರೆ ಅದು ಹೊಲಸು ಜೋಕ್ ಆಗಿ ಸತ್ತುಹೋಗುತ್ತಿತ್ತು.

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಸುದ್ದಿ ಓದಿ ನಗು ಬಂದರೆ ತಕ್ಷಣ ಬರೆಯುವುದಿಲ್ಲ. ಮೂಲ ಕಾಗದ ತರಿಸಿಕೊಳ್ಳುತ್ತೇನೆ. ಆದೇಶವಿದ್ದರೆ ಆದೇಶ, ಭಾಷಣವಿದ್ದರೆ ಪೂರ್ತಿ ಭಾಷಣ. ಅದರಲ್ಲಿ ಅಧಿಕಾರ ತನ್ನ ಮನಸ್ಸಿನ ಮಾತು ತಾನೇ ಬಾಯಿಬಿಟ್ಟಿರುವ ಒಂದು ವಾಕ್ಯ ಇದ್ದೇ ಇರುತ್ತದೆ. ಹೆಚ್ಚಾಗಿ ಕೊನೆಯ ಪುಟದಲ್ಲಿ, 'ಷರತ್ತುಗಳು' ಅನ್ನುವ ಜಾಗದಲ್ಲಿ. ಅದನ್ನು ಎತ್ತಿಕೊಂಡು, ನಿಜವೆಂದು ನಂಬಿ, ಒಂದೇ ಹೆಜ್ಜೆ ಮುಂದಕ್ಕೆ ನಡೆಸುತ್ತೇನೆ. ಎರಡು ಹೆಜ್ಜೆ ಇಟ್ಟರೆ ಅದು ಕಟ್ಟುಕತೆ. ಒಂದೂ ಇಡದಿದ್ದರೆ ವರದಿ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಇಲಾಖೆ ದೂರು ಹೇಳಿಕೊಳ್ಳಲು ಫೋನ್ ನಂಬರ್ ಕೊಟ್ಟಿತು. ದೊಡ್ಡ ಜಾಹೀರಾತು, ನಗುವ ಮುಖಗಳು. ಆ ಫೋನು ಸತ್ತಿತ್ತು. ಮೂರು ದಿನದಲ್ಲಿ ಬೇರೆ ಬೇರೆ ಹೊತ್ತಿಗೆ ಹನ್ನೊಂದು ಸಲ ಕರೆ ಮಾಡಿ, ಪ್ರತಿ ಸಲದ ಸಮಯ ಬರೆದಿಟ್ಟುಕೊಂಡೆ. ಹಳೆಯ ನಾನಾಗಿದ್ದರೆ ಫೋನು ಹೇಗೆ ಗೊರಕೆ ಹೊಡೆಯುತ್ತಿದೆ ಅಂತ ಬರೆಯುತ್ತಿದ್ದೆ. ಈ ಸಲ ಅಭಿನಂದನೆ ಬರೆದೆ. ಸಹಾಯವಾಣಿ ಶುರುವಾದ ಮೇಲೆ ದೂರುಗಳು ಸೊನ್ನೆಗೆ ಇಳಿದಿವೆ. ಇಷ್ಟು ಬೇಗ ಇಷ್ಟು ಜನರ ಕಷ್ಟ ತೀರಿದ್ದು ಇದೇ ಮೊದಲು. ಫೋನು ಕೆಟ್ಟಿದೆ ಎಂಬ ದೂರು ಸಹ ಫೋನಿನಲ್ಲಿ ಈವರೆಗೆ ಒಂದೂ ಬಂದಿಲ್ಲ. ಹೀಗೆ ಎಂಟು ಪ್ಯಾರಾ. ವಿಶೇಷಣ ಒಂದೂ ಇಲ್ಲ.

ಡೆಸ್ಕಿನಲ್ಲಿ ಯಾರೋ ತಲೆಬರಹದ ಕೊನೆಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದರು. ಪುಟ ಅಚ್ಚಿಗೆ ಹೋಗುವ ಹತ್ತು ನಿಮಿಷ ಮುಂಚೆ ಕಣ್ಣಿಗೆ ಬಿತ್ತು. ಓಡಿಹೋಗಿ ತೆಗೆಸಿದೆ. ಆ ಚಿಹ್ನೆ ಇದ್ದರೆ "ನಗಿ, ಇದು ನಗುವ ಜಾಗ" ಅಂತ ಓದುಗರ ಪಕ್ಕೆಗೆ ತಿವಿದ ಹಾಗೆ. ತಿವಿಸಿಕೊಂಡವರು ನಗುವುದಿಲ್ಲ, ಪಕ್ಕೆ ಸವರಿಕೊಳ್ಳುತ್ತಾರೆ. ಇದರ ಮೇಲೆ ಡೆಸ್ಕಿನ ಜೊತೆ ನನ್ನ ಜಗಳ ಇವತ್ತಿಗೂ ಮುಗಿದಿಲ್ಲ.

ಮರುದಿನ ಆ ಇಲಾಖೆಯ ಒಬ್ಬ ಅಧಿಕಾರಿ ಫೋನ್ ಮಾಡಿದರು. ಬೈಯುತ್ತಾರೆ ಅಂದುಕೊಂಡೆ. "ನಮ್ಮ ಕೆಲಸ ಗುರುತಿಸಿದ್ದೀರಿ, ಥ್ಯಾಂಕ್ಸ್. ಆ ಸೊನ್ನೆ ಅನ್ನೋ ಅಂಕಿ ಯಾವ ತಿಂಗಳದ್ದು?" ಎಂದರು. ಅವರು ನನಗಿಂತ ದೊಡ್ಡ ವಿಡಂಬನಕಾರರೋ, ನಿಜವಾಗಲೂ ಕೇಳಿದ್ದೋ, ಇನ್ನೂ ಗೊತ್ತಾಗಿಲ್ಲ.

ಹೆಸರು ಹಾಕುವ ವಿಚಾರಕ್ಕೂ ಇಲ್ಲೇ ಬರುತ್ತೇನೆ. ನಾನು ಆದಷ್ಟು ಹೆಸರು ಹಾಕುವುದಿಲ್ಲ. ಮಾನನಷ್ಟದ ಭಯ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ. ಇನ್ನೊಂದು ಕಾರಣ, ಹೆಸರಿಲ್ಲದಿದ್ದರೆ ಪೆಟ್ಟು ಇನ್ನೂ ಚೆನ್ನಾಗಿ ಬೀಳುತ್ತದೆ. ಸಾವಿನ ಮನೆಗೆ ಹೋಗಿ, ಕ್ಯಾಮೆರಾದವನು ಬರುವವರೆಗೂ ಕಣ್ಣೀರು ತಡೆದುಕೊಂಡ ಒಬ್ಬ ನಾಯಕನ ಬಗ್ಗೆ ಬರೆದಿದ್ದೆ. ಮೂರು ಬೇರೆ ಬೇರೆ ನಾಯಕರ ಕಡೆಯವರು ಫೋನ್ ಮಾಡಿ "ಇದು ನಮ್ಮ ಸಾಹೇಬ್ರ ಬಗ್ಗೆ ಬರೆದಿದ್ದು ತಾನೆ?" ಎಂದು ಜಗಳಕ್ಕೆ ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಒಬ್ಬನನ್ನು ಅಂದುಕೊಂಡು ಬರೆದಿದ್ದೆ, ಮೂರು ಜೊತೆ ಹೆಗಲು ಸಿಕ್ಕವು. ನಾನು ಅಂದುಕೊಂಡಿದ್ದವನು ಮಾತ್ರ ಫೋನ್ ಮಾಡಲಿಲ್ಲ.

ಸುದ್ದಿ ಪುಟದಲ್ಲಿ ವಿಡಂಬನೆಗೆ ಏನು ಕೆಲಸ ಎಂದು ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ಸುದ್ದಿಯೇ ಸಾಕಲ್ವಾ ಅಂತ. ನಾನು ಅವರಿಗೆ ನ್ಯೂಯಾರ್ಕಿನ ರಾಜಕೀಯ ಧಣಿ ಬಾಸ್ ಟ್ವೀಡ್ ಕತೆ ಹೇಳುತ್ತೇನೆ. ಟ್ವೀಡ್ ಮತ್ತು ಅವನ ಕೂಟ ನಗರದ ಖಜಾನೆ ನುಂಗುತ್ತಿದ್ದರು. 1871ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಆ ಲೆಕ್ಕದ ಪುಸ್ತಕಗಳ ಅಂಕಿಗಳನ್ನೇ ಅಚ್ಚು ಹಾಕಿತು. ಅತ್ತ ಹಾರ್ಪರ್ಸ್ ವೀಕ್ಲಿಯಲ್ಲಿ ಥಾಮಸ್ ನ್ಯಾಸ್ಟ್ ಟ್ವೀಡನ ಡೊಳ್ಳು ಹೊಟ್ಟೆ ಚಿತ್ರವನ್ನು ವಾರವಾರವೂ ಬರೆಯುತ್ತಿದ್ದ. ನನ್ನ ಮತದಾರರಿಗೆ ಓದು ಬರುವುದಿಲ್ಲ, ಆದರೆ ಆ ದರಿದ್ರ ಚಿತ್ರ ಕಾಣುತ್ತದಲ್ಲ ಎಂದು ಟ್ವೀಡ್ ಗೊಣಗಿದನೆಂಬ ಮಾತು ಪ್ರಸಿದ್ಧವಾಗಿದೆ. ಅವನಿಗೆ ಶಿಕ್ಷೆಯಾಯಿತು. 1875ರಲ್ಲಿ ತಪ್ಪಿಸಿಕೊಂಡು ಓಡಿದ. ಮರುವರ್ಷ ಸ್ಪೇನಿನಲ್ಲಿ ಸಿಕ್ಕಿಬಿದ್ದ. ಅಲ್ಲಿಯವರು ಅವನ ಗುರುತು ಹಿಡಿದದ್ದು ನ್ಯಾಸ್ಟನ ಚಿತ್ರ ನೋಡಿ ಎನ್ನುತ್ತಾರೆ. ಈ ಕತೆ ಹೇಳುವವರೆಲ್ಲ ಚಿತ್ರದ ಮಹಿಮೆ ಹೇಳಿ ನಿಲ್ಲಿಸುತ್ತಾರೆ. ನನಗೆ ಆ ಲೆಕ್ಕದ ಪುಸ್ತಕವೇ ಮುಖ್ಯವಾಗಿ ಕಾಣುತ್ತದೆ. ಅಂಕಿಗಳು ಇಲ್ಲದಿದ್ದರೆ ನ್ಯಾಸ್ಟ್ ಬರೆದದ್ದು ಬರೀ ಒಬ್ಬ ದಪ್ಪ ಮನುಷ್ಯನ ಚಿತ್ರ. ಚಿತ್ರ ಇಲ್ಲದಿದ್ದರೆ ಅಂಕಿಗಳು ಒಂದು ವಾರದಲ್ಲಿ ರದ್ದಿಗೆ ಹೋಗುತ್ತಿದ್ದವು.

ಹತ್ತಿರದ ಕಾಲದ್ದೂ ಒಂದಿದೆ. ಅಮೆರಿಕದ ಟಿವಿ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ 2011ರಲ್ಲಿ ಚುನಾವಣೆಗೆ ಮಿತಿಯಿಲ್ಲದೆ ದೇಣಿಗೆ ಎತ್ತಬಲ್ಲ 'ಸೂಪರ್ ಪ್ಯಾಕ್' ಎಂಬ ಸಂಘವೊಂದನ್ನು ನಿಜವಾಗಿಯೇ ಕಟ್ಟಿದ. ಚುನಾವಣಾ ಆಯೋಗದ ಮುಂದೆ ಹೋಗಿ ಅನುಮತಿ ತಂದ, ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಂಡ. ಹಣದ ಮೂಲ ಹೇಗೆ ಮುಚ್ಚಿಡಬಹುದು, ಯಾರ ಕೈಗೆ ಹೇಗೆ ದಾಟಿಸಬಹುದು ಎಂದು ವಾರವಾರ ಮಾಡಿಯೇ ತೋರಿಸಿದ. ಆ ಕಾರ್ಯಕ್ರಮ ನೋಡಿದವರಿಗೆ ಈ ವಿಷಯದಲ್ಲಿ ತಿಳಿವಳಿಕೆ ಹೆಚ್ಚಿತ್ತು, ಮಾಮೂಲಿ ಸುದ್ದಿ ನೋಡಿದವರಿಗಿಂತಲೂ ಹೆಚ್ಚಿತ್ತು ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ಕೇಂದ್ರದ ಸಂಶೋಧಕರು 2014ರಲ್ಲಿ ಹೇಳಿದರು. ನನಗೆ ಅಚ್ಚರಿಯಾಗಲಿಲ್ಲ. ಸುದ್ದಿ ನಿಯಮ ಹೀಗಿದೆ ಎಂದು ಹೇಳಿ ಮುಂದೆ ಹೋಗುತ್ತದೆ. ವಿಡಂಬನೆ ಆ ನಿಯಮದ ಒಳಗೆ ಹೊಕ್ಕು, ಇನ್ನೊಂದು ಬಾಗಿಲಿನಿಂದ ಹೊರಗೆ ಬಂದು ತೋರಿಸುತ್ತದೆ.

ಇಷ್ಟೆಲ್ಲ ಹೆಮ್ಮೆಯಿಂದ ಹೇಳಿದ ಮೇಲೆ ನನ್ನ ದೊಡ್ಡ ತಪ್ಪನ್ನೂ ಹೇಳಬೇಕು.

ಜನ್ಮದಿನಾಂಕದ ದಾಖಲೆ ಇಲ್ಲದ ಹಿರಿಯರು ಇಬ್ಬರು ಸಾಕ್ಷಿಗಳ ಹೇಳಿಕೆ ತರಬೇಕು ಎಂದು ಒಂದು ಕಚೇರಿ ಸೂಚನೆ ಹೊರಡಿಸಿತ್ತು. ಸಾಕ್ಷಿಗಳು ಅರ್ಜಿದಾರರಿಗಿಂತ ವಯಸ್ಸಿನಲ್ಲಿ ದೊಡ್ಡವರಾಗಿರಬೇಕಂತೆ. ಇದಕ್ಕಿಂತ ಒಳ್ಳೆಯ ವಸ್ತು ಯಾರಿಗೆ ಸಿಗುತ್ತದೆ? ಒಂದು ಹೆಜ್ಜೆ ಮುಂದೆ ನಡೆಸಿದೆ. ಎಂಬತ್ತು ದಾಟಿದವರು ತಮ್ಮ ಜನನವನ್ನು ಕಣ್ಣಾರೆ ಕಂಡ ಇಬ್ಬರನ್ನು ಖುದ್ದಾಗಿ ಕರೆತರಬೇಕು ಎಂದು ಪ್ರಕಟಣೆಯ ಧಾಟಿಯಲ್ಲೇ ಬರೆದೆ. ಧಾಟಿ ಪಕ್ಕಾ ಬರಲಿ ಅಂತ ಕೊನೆಯ ದಿನಾಂಕ ಹಾಕಿದೆ. ಕೊಠಡಿ ಸಂಖ್ಯೆ ಹಾಕಿದೆ. ಬೆಳಿಗ್ಗೆ ಹತ್ತರಿಂದ ಒಂದೂವರೆ ಎಂದು ಸಮಯವನ್ನೂ ಹಾಕಿದೆ. ಕುಸುರಿ ಕೆಲಸ ಅಂತ ನನಗೇ ಮೆಚ್ಚುಗೆ. 'ವಿಡಂಬನೆ' ಎಂಬ ಪಟ್ಟಿ ಅಂಕಣದ ಮೇಲೆ ಪ್ರತಿ ವಾರದಂತೆ ಇದ್ದೇ ಇತ್ತು.

ಯಾರೋ ಅದರ ಫೋಟೊ ತೆಗೆದರು. ಮೇಲಿನ ಪಟ್ಟಿ ಕತ್ತರಿಸಿ ಹೋಯಿತು. ಅದು ಫೋನಿಂದ ಫೋನಿಗೆ ಹೋಯಿತು. ಮೂರನೇ ದಿನ ಒಬ್ಬ ಹಿರಿಯರು ನಮ್ಮ ಕಚೇರಿಗೇ ಬಂದರು. ಕೈಯಲ್ಲಿ ಮಡಿಚಿದ ಕಾಗದ, ಯಾರೋ ಪ್ರಿಂಟ್ ತೆಗೆದುಕೊಟ್ಟಿದ್ದರು. ಆ ಕೊಠಡಿಗೆ ಹೋಗಿದ್ದರಂತೆ, ಅಲ್ಲಿಯವರು ಪತ್ರಿಕೆಯವರನ್ನೇ ಕೇಳಿ ಎಂದು ಕಳಿಸಿದ್ದರಂತೆ. "ನನ್ನ ಅಕ್ಕ ಒಬ್ಬಳು ಇದ್ದಾಳಪ್ಪಾ. ಎಂಬತ್ತೊಂಬತ್ತು ಅವಳಿಗೆ. ನಡೆಯೋಕಾಗಲ್ಲ. ಹೇಗೋ ಎತ್ತಿಕೊಂಡು ಬಂದೇವು. ಇನ್ನೊಬ್ಬರನ್ನ ಎಲ್ಲಿಂದ ತರಲಿ? ಒಬ್ಬರು ಸಾಕಾಗಲ್ವಾ?"

ಅದು ತಮಾಷೆಗೆ ಬರೆದದ್ದು ಎಂದು ಅವರಿಗೆ ವಿವರಿಸಲು ಕೂತೆ. ಅರ್ಥವಾಗುವ ಹಾಗೆ ಹೇಳೋಕೆ ಅರ್ಧ ಗಂಟೆ ಹಿಡಿಯಿತು. ಅರ್ಥವಾದ ಮೇಲೆ ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಹಾಗಾದ್ರೆ ಅಕ್ಕನ್ನ ಕರ್ಕೊಂಡು ಬರೋದು ಬೇಡ" ಎಂದು ಎದ್ದರು. ನಲವತ್ತೊಂದನೆಯವಳ ಕಾರ್ಡು ನೆನಪಾಯಿತು. ಗುರಿ ಈ ಸಲ ಸರಿಯಾಗಿತ್ತು, ತಾಗಿದ್ದು ಮತ್ತೆ ಅದೇ ಸಾಲಿನವರಿಗೆ.

ಓದುಗರು ದಡ್ಡರು ಎಂದು ಕೈ ತೊಳೆದುಕೊಳ್ಳುವುದು ಸುಲಭ. ದೊಡ್ಡ ದೊಡ್ಡವರೇ ಬಿದ್ದಿದ್ದಾರೆ. 2012ರಲ್ಲಿ ಅಮೆರಿಕದ ವಿಡಂಬನೆ ಪತ್ರಿಕೆ ದಿ ಆನಿಯನ್, ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಆ ವರ್ಷದ ಅತಿ ಆಕರ್ಷಕ ಪುರುಷ ಎಂದು ಬರೆಯಿತು. ಚೀನಾದ ಪೀಪಲ್ಸ್ ಡೈಲಿಯ ಜಾಲತಾಣ ಅದನ್ನು ಸುದ್ದಿಯೆಂದೇ ತೆಗೆದುಕೊಂಡು 55 ಫೋಟೊಗಳ ಜೊತೆ ಹಾಕಿತು. ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು 2009ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಮಾಡಿದ ಒಂದು ಅಧ್ಯಯನ. 332 ಜನರಿಗೆ ಇದೇ ಕೋಲ್ಬೇರ್ ಕಾರ್ಯಕ್ರಮದ ತುಣುಕು ತೋರಿಸಿದರು. ಅವನು ಟಿವಿಯಲ್ಲಿ ಬಲಪಂಥೀಯ ನಿರೂಪಕನ ವೇಷ ಹಾಕುತ್ತಿದ್ದ. ಎಡದವರೂ ನಕ್ಕರು, ಬಲದವರೂ ನಕ್ಕರು. ಎಡದವರು ಇದು ವೇಷ ಎಂದುಕೊಂಡರು. ಇವನು ತಮಾಷೆಯ ನಾಟಕ ಮಾಡುತ್ತಿದ್ದಾನೆ, ಒಳಗೆ ನಮ್ಮ ಮಾತನ್ನೇ ನಂಬುತ್ತಾನೆ ಎಂದುಕೊಳ್ಳುವುದು ಬಲದವರಲ್ಲಿ ಹೆಚ್ಚಾಗಿತ್ತು. ಅಂದರೆ ನಕ್ಕ ಮಾತ್ರಕ್ಕೆ ಅರ್ಥವಾಯಿತು ಅಂತಲ್ಲ. ಸಭೆಯಲ್ಲಿ ಚಪ್ಪಾಳೆ ಬಿದ್ದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಪಟ್ಟಿ ಹಾಕಿದ್ದೆವಲ್ಲ ಎಂದು ನಮ್ಮ ವಕೀಲರು ಹೇಳಿದರು. ಅವರ ದೃಷ್ಟಿಯಲ್ಲಿ ಸರಿ. ಅಮೆರಿಕದ ಹಸ್ಲರ್ ಪತ್ರಿಕೆ ಒಬ್ಬ ಧರ್ಮೋಪದೇಶಕರ ಮೇಲೆ ಅಣಕು ಜಾಹೀರಾತು ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ ಎಂದು ಬರೆದಿತ್ತು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪತ್ರಿಕೆಯ ಪರವಾಗಿ ತೀರ್ಪು ಕೊಟ್ಟಿತು. ಇದನ್ನು ನಿಜವೆಂದು ಯಾರೂ ನಂಬಲಾರರು ಎಂದು ಜ್ಯೂರಿ ಮೊದಲೇ ಹೇಳಿತ್ತು. ಆದರೆ ಅದು ಕಾಗದದ ಕಾಲ. ಪುಟದ ಮೇಲಿನ ಸಣ್ಣ ಅಕ್ಷರ ಪುಟದ ಮೇಲೇ ಉಳಿಯುತ್ತಿತ್ತು. ಈಗ ಪಟ್ಟಿಯನ್ನು ಬೆರಳಿನಿಂದ ಕತ್ತರಿಸಬಹುದು. ಕೋರ್ಟಿನಲ್ಲಿ ನಾನು ಗೆಲ್ಲುತ್ತೇನೆ, ಆ ಅಜ್ಜ ಮಾತ್ರ ಅಕ್ಕನನ್ನು ಎತ್ತಿಕೊಂಡು ಬರುತ್ತಾರೆ.

ಹಾಗಾಗಿ ಈಗ ಗುರುತನ್ನು ಪಟ್ಟಿಯಲ್ಲಿ ಇಡುವುದಿಲ್ಲ, ಮೊದಲ ವಾಕ್ಯದ ಒಳಗೇ ಇಡುತ್ತೇನೆ. ಅದನ್ನು ಕತ್ತರಿಸಿದರೆ ಉಳಿದದ್ದು ಓದಲಾಗಬಾರದು. ಇನ್ನೊಂದು ಕಟ್ಟುಪಾಡು ಇನ್ನೂ ಬಿಗಿ. ಓದಿದವರು ಚಪ್ಪಲಿ ಮೆಟ್ಟಿಕೊಂಡು ಹೊರಡುವಂಥ ಸಂಗತಿಯನ್ನು ಸುದ್ದಿಯ ಧಾಟಿಯಲ್ಲಿ ಬರೆಯುವುದಿಲ್ಲ. ಔಷಧ, ಪರೀಕ್ಷೆ, ಮತದಾನದ ದಿನ, ಪಿಂಚಣಿ, ಇವೆಲ್ಲ ಅದರಲ್ಲಿ ಬರುತ್ತವೆ. ಅಂಥ ವಿಷಯ ಸಿಕ್ಕರೆ ಸ್ವಗತ ಬರೆಯುತ್ತೇನೆ, ಇಲ್ಲವೇ ಆ ಕಚೇರಿಯ ಕುರ್ಚಿಯೇ ಮಾತಾಡಿದ ಹಾಗೆ. ಕುರ್ಚಿ ಮಾತಾಡಿದ್ದನ್ನು ಯಾರೂ ಪ್ರಕಟಣೆ ಎಂದುಕೊಳ್ಳುವುದಿಲ್ಲ. ಹೀಗೆ ಮಾಡಿದ್ದರಿಂದ ಬರಹದ ಮೊನೆ ಸ್ವಲ್ಪ ಮೊಂಡಾಗಿದೆ ಎಂದು ಗೆಳೆಯರು ದೂರುತ್ತಾರೆ. ಆಗಿರಬಹುದು.

ಇದೆಲ್ಲ ಬರೆದು ಏನು ಬದಲಾಯಿತು ಎಂಬ ಪ್ರಶ್ನೆ ಪ್ರತಿ ಸಂದರ್ಶನದಲ್ಲೂ ಬರುತ್ತದೆ. ಲಂಡನ್ನಿನಲ್ಲಿ 1961ರಲ್ಲಿ ವಿಡಂಬನೆಯ ಕ್ಲಬ್ ತೆರೆದ ಪೀಟರ್ ಕುಕ್, ಹಿಟ್ಲರನ ಏಳಿಗೆಯನ್ನು ತಡೆಯಲು ಅಷ್ಟೊಂದು ದುಡಿದ ಬರ್ಲಿನ್ ವಿಡಂಬನೆ ಕ್ಲಬ್ಬುಗಳೇ ತನಗೆ ಮಾದರಿ ಎಂದು ಹೇಳಿದ್ದನಂತೆ. ಇದಕ್ಕಿಂತ ಚೆನ್ನಾಗಿ ನಮ್ಮ ವೃತ್ತಿಯ ಯೋಗ್ಯತೆಯನ್ನು ಯಾರೂ ಹೇಳಿಲ್ಲ. ನಾನು ಬರೆದದ್ದರಿಂದ ಯಾವ ಕುರ್ಚಿಯೂ ಉರುಳಿಲ್ಲ. ಎಷ್ಟೋ ಸಲ ಪೆಟ್ಟು ತಿನ್ನಬೇಕಾದವರೇ ಲೇಖನಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಂಡಿದ್ದಾರೆ. ಅದು ದೊಡ್ಡತನವೂ ಇರಬಹುದು, ಚರ್ಮ ದಪ್ಪವಾಗಿರುವುದೂ ಇರಬಹುದು.

ಆದರೆ ನಗು ಅಷ್ಟು ನಿರುಪದ್ರವಿಯಾಗಿದ್ದರೆ ಅಧಿಕಾರಕ್ಕೆ ಅದರ ಮೇಲೆ ಕಣ್ಣೇಕೆ? ಫ್ರಾನ್ಸಿನಲ್ಲಿ 1831ರಲ್ಲಿ ಪತ್ರಿಕೆ ನಡೆಸುತ್ತಿದ್ದ ಶಾರ್ಲ್ ಫಿಲಿಪೋನ್ ರಾಜನನ್ನು ಅಣಕಿಸಿದ ಆರೋಪದ ಮೇಲೆ ಕೋರ್ಟಿನಲ್ಲಿ ನಿಂತ. ಅಲ್ಲಿಯೇ ರಾಜನ ಮುಖ ನಾಲ್ಕು ಹಂತದಲ್ಲಿ ಪೇರ್ ಹಣ್ಣಾಗುವುದನ್ನು ಬರೆದು ತೋರಿಸಿದ. ಹಣ್ಣು ರಾಜನ ಹಾಗಿದ್ದರೆ ಹಣ್ಣನ್ನೂ ಶಿಕ್ಷಿಸುತ್ತೀರಾ ಎಂದು ಕೇಳಿದ. ಶಿಕ್ಷೆ ತಪ್ಪಲಿಲ್ಲ. ಆದರೆ ಪ್ಯಾರಿಸಿನ ಗೋಡೆಗಳ ಮೇಲೆಲ್ಲ ಪೇರ್ ಹಣ್ಣು ಮೂಡಿತು. ಅವನ ಜೊತೆಗಾರ ಓನೊರೆ ಡೊಮಿಯೆ ರಾಜನನ್ನು ಎಲ್ಲವನ್ನೂ ನುಂಗುವ ದೈತ್ಯನಾಗಿ ಬರೆದು ಆರು ತಿಂಗಳ ಸೆರೆವಾಸದ ಶಿಕ್ಷೆ ಪಡೆದ. ನಮ್ಮಲ್ಲಿ 1948ರಲ್ಲಿ ಶುರುವಾದ ವ್ಯಂಗ್ಯಚಿತ್ರ ಪತ್ರಿಕೆ ಶಂಕರ್ಸ್ ವೀಕ್ಲಿ 1975ರಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ನಿಂತುಹೋಯಿತು. ಸರ್ವಾಧಿಕಾರಕ್ಕೆ ನಗುವನ್ನು ತಾಳಿಕೊಳ್ಳುವ ಶಕ್ತಿ ಇಲ್ಲ ಎಂದು ಕೊನೆಯ ಸಂಚಿಕೆಯಲ್ಲಿ ಬರೆದರು. ಆ ಪತ್ರಿಕೆಯನ್ನು ಬಿಡುಗಡೆ ಮಾಡಿದವರು ನೆಹರೂ. ಅದರಲ್ಲಿ ಅವರೇ ಎಷ್ಟು ಸಲ ಪೆಟ್ಟು ತಿಂದರೋ ಲೆಕ್ಕವಿಲ್ಲ. 2015ರ ಜನವರಿ 7ರಂದು ಪ್ಯಾರಿಸಿನ ವಿಡಂಬನೆ ಪತ್ರಿಕೆ ಶಾರ್ಲಿ ಎಬ್ದೊ ಕಚೇರಿಗೆ ನುಗ್ಗಿದ ಬಂದೂಕುಧಾರಿಗಳು ಹನ್ನೆರಡು ಜನರನ್ನು ಕೊಂದರು. ಆ ಪತ್ರಿಕೆಯ ಎಲ್ಲ ಚಿತ್ರವೂ ನನಗೆ ಹಿಡಿಸುತ್ತಿರಲಿಲ್ಲ. ಕೆಲವು ಬಗ್ಗಿದವರ ಬೆನ್ನಿಗೆ ಬಿದ್ದ ಗುದ್ದಾಗಿಯೇ ಕಾಣುತ್ತಿದ್ದವು. ಅದು ಪೆನ್ನು ಹಿಡಿದು ಆಡಬೇಕಾದ ಜಗಳ. ಆ ದಿನ ನಮ್ಮ ಡೆಸ್ಕಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ನಾನು ಕಂಡ ಬದಲಾವಣೆ ತುಂಬಾ ಸಣ್ಣದು. ಕಚೇರಿಗಳಲ್ಲಿ ಕೆಲಸ ಮಾಡುವ ಜನರೇ ಈಗ ನನಗೆ ಕಾಗದ ಕಳಿಸುತ್ತಾರೆ. ಹೆಸರಿಲ್ಲ, ಪತ್ರವಿಲ್ಲ, ಬರೀ ಸುತ್ತೋಲೆಯ ನಕಲು, ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಅಲ್ಲಿ ಕೂತವರಿಗೂ ನಗು ಬಂದಿರುತ್ತದೆ, ನಗೋಕೆ ಆಗಿರುವುದಿಲ್ಲ.

ಹೋದ ತಿಂಗಳು ಆ ಹಳೆಯ ಸಹಾಯವಾಣಿಗೆ ಮತ್ತೆ ಫೋನ್ ಮಾಡಿದೆ. ಇನ್ನೂ ಸತ್ತಿತ್ತು. ಅದು ಎಷ್ಟು ದಿನದಿಂದ ಕೆಟ್ಟಿದೆ, ಈ ಬಗ್ಗೆ ಎಷ್ಟು ದೂರು ಬಂದಿವೆ ಎಂದು ಲಿಖಿತವಾಗಿ ಕೇಳಿದೆ. ಉತ್ತರ ಬಂತು. ಮೊಹರು, ಸಹಿ, ದಿನಾಂಕ ಎಲ್ಲ ಸರಿಯಾಗಿತ್ತು. "ಸದರಿ ದೂರವಾಣಿಯು ಕೆಟ್ಟಿರುವ ಬಗ್ಗೆ ಸದರಿ ದೂರವಾಣಿಯಲ್ಲಿ ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ." ಒಂದಕ್ಷರ ತಿದ್ದದೆ, ಒಂದು ಸಾಲೂ ಸೇರಿಸದೆ, ಅದನ್ನೇ ಆ ವಾರದ ಅಂಕಣವಾಗಿ ಹಾಕಿದೆ. ಓದುಗರಿಂದ ಆರು ಪತ್ರ ಬಂದವು. ನಾಲ್ಕು ಜನ, ಈ ಸಲ ಉತ್ಪ್ರೇಕ್ಷೆ ಜಾಸ್ತಿಯಾಯಿತು ಎಂದಿದ್ದರು. ಐದನೆಯವರಿಗೆ ನನ್ನ ಭಾಷೆ ಗ್ರಾಂಥಿಕವಾಗುತ್ತಿದೆ ಎಂಬ ಬೇಸರ. ಆರನೆಯವರು ಬಹಳ ವರ್ಷದಿಂದ ಅಂಕಣ ಓದಿಕೊಂಡು ಬಂದವರು. ಹಳೇ ಜೋಕನ್ನೇ ತಿರುಗಿಸಿ ಬರೆದಿದ್ದೀರಿ, ಹೀಗೆ ಮಾಡಬಾರದು ಎಂದು ಬೈದಿದ್ದರು.